ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ

ಟ್ರಯಲ್ ಬ್ಯಾಲೆನ್ಸ್ ಎಂದರೆ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳ ಪಟ್ಟಿ; ಎರಡೂ ಬದಿಯ ಮೊತ್ತ ಸಮನಾಗಬೇಕು. ಮಂಗಳೂರು ಬಂದರಿನ ಒಂದು ಒಣಮೀನು ಅಂಗಡಿಯ ಲೆಕ್ಕ ಎಂದುಕೊಳ್ಳಿ. ಡೆಬಿಟ್ 84,560, ಕ್ರೆಡಿಟ್ 83,660. ವ್ಯತ್ಯಾಸ 900. ಕೂಡಲೇ ಸಸ್ಪೆನ್ಸ್ ಖಾತೆಗೆ (ತಪ್ಪು ಸಿಗುವವರೆಗೆ ವ್ಯತ್ಯಾಸವನ್ನು ಇಡುವ ತಾತ್ಕಾಲಿಕ ಖಾತೆ) ತಳ್ಳಬೇಡಿ, ಅದು ಸೋಮಾರಿಗಳ ದಾರಿ.

ಮೊದಲು ಎರಡೂ ಬದಿಯನ್ನು ಕೆಳಗಿನಿಂದ ಮೇಲಕ್ಕೆ ಮತ್ತೆ ಕೂಡಿ. ಆಮೇಲೆ 900ರದೇ ನಮೂದು ಕ್ರೆಡಿಟ್‌ನಲ್ಲಿ ಬಿಟ್ಟುಹೋಗಿದೆಯೇ ನೋಡಿ. ಇಲ್ಲವೇ? ಅರ್ಧ ಮಾಡಿ: ಪಡೆದ ರಿಯಾಯಿತಿ 450 ಕ್ರೆಡಿಟ್ ಬದಲು ಡೆಬಿಟ್‌ಗೆ ಬಿದ್ದಿದ್ದರೂ ಇಷ್ಟೇ ವ್ಯತ್ಯಾಸ. ಅದೂ ಅಲ್ಲದಿದ್ದರೆ 9ರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಇದೆ: ಮಾರಾಟದ 5,400 ಖಾತೆಗೆ 4,500 ಆಗಿ ಇಳಿದಿರುತ್ತದೆ. 1,000ದ ಒಂದು ಸೊನ್ನೆ ನುಂಗಿಹೋದರೂ 900ವೇ!

ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಹೊಸ ತಕ್ಕಡಿಯ 12,000 ಆಸ್ತಿ ಖಾತೆಯ ಬದಲು ಸರಕಿನ ಖರೀದಿ ಖಾತೆಗೆ ಹೋಗಿದ್ದರೆ ಎರಡೂ ಬದಿ ಸಮವೇ. ಸವಕಳಿ (ಬಳಕೆಯಿಂದ ಆಸ್ತಿಯ ಬೆಲೆಯಲ್ಲಾಗುವ ಇಳಿಕೆ) ಕಳೆಯುವ ಮೊದಲಿನ ಲಾಭ ಮಾತ್ರ ಅಷ್ಟು ಕಡಿಮೆ ಕಾಣುತ್ತದೆ.