ಕಡಲು ಯಾವ ಬದಿ ಕೂಗುತ್ತಿದೆ?

ನಾನು, ತಮ್ಮ ಚಿಕ್ಕವರಿದ್ದಾಗ ಕುಂದಾಪುರದ ಕಡೆಯ ಅಜ್ಜಿಮನೆಗೆ ಹೋಗುತ್ತಿದ್ದದ್ದು ಏಪ್ರಿಲ್, ಮೇ ರಜೆಯಲ್ಲಿ ಮಾತ್ರ. ಮಳೆ ಹಿಡಿಯುವ ಹೊತ್ತಿಗೆ ಬೆಂಗಳೂರಿನ ಬಸ್ ಹತ್ತಿರುತ್ತಿದ್ದೆವು, ಶಾಲೆ ಶುರುವಾಗುತ್ತಲ್ವಾ. ಹಾಗಾಗಿ ನಮಗೆ ಕಡಲು ಅಂದರೆ ಬಿಸಿಲು, ನೀಲಿ ನೀರು, ಕಾಲು ಸುಡುವ ಮರಳು. ಮಳೆಗಾಲದ ಕಡಲನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೆವು ಅಷ್ಟೇ. ಅಜ್ಜಿ ಹೋಗಿ ಆರು ವರ್ಷವಾಯಿತು. ಮನೆ ಈಗ ಬೇರೆಯವರದು. ಈ ಜುಲೈನಲ್ಲಿ ತಮ್ಮನೇ ಹೇಳಿದ, "ಅಕ್ಕ, ಒಂದ್ಸಲ ಮಳೆಯಲ್ಲೇ ಹೋಗಿ ಬರೋಣ."

ಒಟ್ಟು ಐದು ಜನ ಹೊರಟೆವು. ನಾವಿಬ್ಬರು, ಅವನ ಇಬ್ಬರು ಗೆಳೆಯರು, ನನ್ನ ರಾಯಚೂರಿನ ಗೆಳತಿ. ಶುಕ್ರವಾರ ರಾತ್ರಿ ಪಂಚಗಂಗಾ ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ, ರಾತ್ರಿಯಾದ್ದರಿಂದ ಒಂದೂ ಕಾಣಲಿಲ್ಲ. ಆದರೆ ಸುರಂಗದಿಂದ ಹೊರಬಂದಾಗಲೆಲ್ಲ ನೀರು ಧುಮುಕುವ ಸದ್ದು ಕೇಳುತ್ತಿತ್ತು. ಗೆಳತಿ ಮಲಗಲೇ ಇಲ್ಲ, ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದಳು.

ನಾವು ಉಳಿದದ್ದು ಮರವಂತೆಯಲ್ಲಿ, ಕುಂದಾಪುರದಿಂದ ಸುಮಾರು 18 ಕಿಲೋಮೀಟರ್. ಹೆದ್ದಾರಿಯ ಒಂದು ಬದಿ ಅರಬ್ಬಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಇಲ್ಲಿ ಹೊಳೆ ಕಡಲಿನ ಹತ್ತಿರದವರೆಗೂ ಬಂದು, ಸೇರದೆ, ತೆಂಕಿಗೆ, ಅಂದರೆ ದಕ್ಷಿಣಕ್ಕೆ, ತಿರುಗಿ ಹೋಗುತ್ತದೆ. ಮುಂದೆ ಗಂಗೊಳ್ಳಿಯಲ್ಲಿ ಇನ್ನೂ ನಾಲ್ಕು ಹೊಳೆಗಳ ಜೊತೆ ಸೇರಿ ಕಡಲಿಗೆ ಬೀಳುತ್ತದೆ. ನಮ್ಮ ರೈಲಿನ ಹೆಸರು ಆ ಐದು ಹೊಳೆಗಳದ್ದೇ. ಫೋಟೋಗಳಲ್ಲಿ ಈ ಜಾಗ ನೋಡಿರುತ್ತೀರಿ, ಎರಡೂ ಬದಿ ನೀಲಿ. ಜುಲೈನಲ್ಲಿ ಹಾಗಿಲ್ಲ. ಹೊಳೆ ಮಣ್ಣಿನ ಬಣ್ಣ, ಕಡಲು ಬೂದಿ ಬಣ್ಣ, ನಡುವೆ ಲಾರಿಗಳು ನೀರು ಹಾರಿಸಿಕೊಂಡು ಹೋಗುತ್ತಿರುತ್ತವೆ. ಮಳೆ ಮೇಲಿನಿಂದ ಬೀಳುವುದಿಲ್ಲ, ಕಡಲಿನ ಕಡೆಯಿಂದ ಅಡ್ಡಡ್ಡ ಬರುತ್ತದೆ. ಮೊದಲ ಅರ್ಧ ಗಂಟೆಯಲ್ಲೇ ಎರಡು ಕೊಡೆ ಮುರಿದವು.

ತಮ್ಮನ ಗೆಳೆಯನೊಬ್ಬ ತಡೆಗೋಡೆಯ ಕಲ್ಲುಗಳ ಮೇಲೆ ಇಳಿಯಲು ಹೋದ. ಚೆನ್ನಾಗಿ ವಿಡಿಯೋ ಬರಲಿ ಅಂತ. ರಸ್ತೆಯ ಆಚೆಯಿಂದ ಒಬ್ಬರು ಹಿರಿಯರು ಕೂಗಿದರು, "ಹೋಯ್, ಅಲ್ ಇಳುಕಾಗ! ಕಲ್ ಜಾರತ್ತ್, ಮೇಲ್ ಬನಿ!" ಅವನು ಹಿಂದೆ ಸರಿದ ಸ್ವಲ್ಪ ಹೊತ್ತಿಗೇ ಒಂದು ತೆರೆ ಆ ಕಲ್ಲುಗಳನ್ನು ದಾಟಿ ಬಂದು ನಮ್ಮ ಚಪ್ಪಲಿ ಒದ್ದೆ ಮಾಡಿತು. ಯಾರೂ ಮಾತಾಡಲಿಲ್ಲ. ದಯವಿಟ್ಟು ಮಳೆಗಾಲದಲ್ಲಿ ಹೋಗುವವರು ನೀರಿಗೂ ಇಳಿಯಬೇಡಿ, ಕಲ್ಲಿನ ಮೇಲೂ ನಿಲ್ಲಬೇಡಿ. ಆ ಹಿರಿಯರು ಜೀವನವಿಡೀ ಮೀನು ಹಿಡಿದವರು, ಅವರೇ ಈಗ ಕಡಲಿಗೆ ಇಳಿಯುವುದಿಲ್ಲ ಅಂದರು.

ಗಂಗೊಳ್ಳಿ ಬಂದರಿಗೆ ಕರೆದುಕೊಂಡು ಹೋಗಿ ಗೆಳತಿಗೆ ದೋಣಿಗಳನ್ನು ತೋರಿಸಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗೆ ಹೋಗುವಂತಿಲ್ಲ. ಮೀನು ಮರಿ ಮಾಡುವ ಕಾಲ. ದೋಣಿಗಳೆಲ್ಲ ಸಾಲಾಗಿ ಕಟ್ಟಿಕೊಂಡು, ಟಾರ್ಪಲ್ ಹೊದ್ದುಕೊಂಡು ನಿಂತಿದ್ದವು. ಊಟದ ಹೋಟೆಲಿನಲ್ಲಿ ಮೀನು ಇತ್ತು, ಎಲ್ಲಿಯದು ಅಂತ ಕೇಳಿದರೆ "ತಮಿಳುನಾಡಿಂದು" ಅಂದರು. ಆ ಕಡೆ ರಜೆ ಜೂನ್ 14ಕ್ಕೇ ಮುಗಿಯುತ್ತದೆ. ಕಡಲ ದಡದಲ್ಲಿ ಕೂತು ಬೇರೆ ಕಡಲಿನ ಮೀನು ತಿನ್ನಲು ನನಗೆ ಮನಸ್ಸಾಗಲಿಲ್ಲ. ಒಣ ಚಟ್ಲಿ ಚಟ್ನಿ, ಕುಚ್ಚಲಕ್ಕಿ ಗಂಜಿ ಸಿಗುತ್ತಾ ಕೇಳಿದೆ. ಸಿಕ್ಕಿತು. ಸಿಗಡಿಗೆ ನಮ್ಮ ಕಡೆ ಚಟ್ಲಿ ಅನ್ನುತ್ತಾರೆ, ಬೇಸಿಗೆಯಲ್ಲಿ ಒಣಗಿಸಿಟ್ಟರೆ ಇಡೀ ಮಳೆಗಾಲಕ್ಕೆ ಆಗುತ್ತದೆ. ಹುರಿದ ಚಟ್ಲಿಗೆ ತೆಂಗಿನಕಾಯಿ, ಒಣಮೆಣಸು, ಹುಣಸೆಹುಳಿ ಹಾಕಿ ರುಬ್ಬಿದ ಆ ಚಟ್ನಿಯ ವಾಸನೆಗೆ ನನಗೂ ತಮ್ಮನಿಗೂ ಅಜ್ಜಿಯ ಅಡುಗೆಮನೆ ಹಾಗೇ ಕಣ್ಣ ಮುಂದೆ ಬಂತು. ಇಬ್ಬರೂ ಎರಡೆರಡು ಬಟ್ಟಲು ಗಂಜಿ ಉಂಡೆವು.

ರಾತ್ರಿ ಕರೆಂಟ್ ಹೋಯಿತು. ಬರಲೇ ಇಲ್ಲ. ಉಳಿದವರು ಮೇಣದಬತ್ತಿ ಹಚ್ಚಿಕೊಂಡು ಇಸ್ಪೀಟು ಆಡುತ್ತಿದ್ದರು, ನಾವಿಬ್ಬರು ಜಗಲಿಯಲ್ಲಿ ಕೂತೆವು. ಏನೂ ಕಾಣುತ್ತಿರಲಿಲ್ಲ, ಬರೀ ಸದ್ದು. ತೆರೆ ಬಡಿಯುವ ಸದ್ದಲ್ಲ ಅದು, ಅದರ ಹಿಂದೆ ಇನ್ನೊಂದು, ನಿಲ್ಲದ ಮೊರೆತ. ಎದೆಯೊಳಗೆ ಕೇಳಿಸುವಂಥದ್ದು. ಆಗ ತಮ್ಮ ಕೇಳಿದ, "ಅಕ್ಕ, ಅಜ್ಜಿ ಹೇಳ್ತಿದ್ರಲ್ಲ, ಕಡಲು ಕೂಗೋದು ಕೇಳಿ ಮಳೆ ಹೇಳ್ಬಹುದು ಅಂತ. ತೆಂಕು ಕೂಗಿದ್ರೆ ಮಳೆನಾ, ಬಡಗು ಕೂಗಿದ್ರೆ ಮಳೆನಾ?"

ನನಗೆ ನೆನಪಿರಲಿಲ್ಲ. ಅವನಿಗೂ ಇಲ್ಲ. ಎಷ್ಟು ಸಲ ಕೇಳಿದ ಮಾತು ಅದು, ಮರೆತುಬಿಟ್ಟಿದ್ದೆವು. ಆ ಕತ್ತಲಲ್ಲಿ ನನಗೆ ನಿಜಕ್ಕೂ ಅಳು ಬಂತು. ಅಮ್ಮನಿಗೆ ಫೋನ್ ಮಾಡಿದೆವು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಇದ್ದರೂ ಈ ವಿಷಯ ಬಂದ ತಕ್ಷಣ ಅಮ್ಮನ ಮಾತು ಕುಂದಾಪುರಕ್ಕೆ ಹೋಯಿತು. "ತೆಂಕ್ ಕೂಗಿರೆ ಮಳಿ. ಈಗ ಯಾವ್ ಬದಿ ಕೇಂತ್?"

ಎದ್ದು ಅಂಗಳದಲ್ಲಿ ನಿಂತು ಕೇಳಿದೆವು. ಎಲ್ಲಾ ಬದಿಯಿಂದಲೂ ಕೇಳುತ್ತಿತ್ತು. ಅಮ್ಮನಿಗೆ ಹಾಗೇ ಹೇಳಿದೆ. ಕಡಲ ಬುಡದಲ್ಲಿ ನಿಂತರೆ ಗೊತ್ತಾಗುವುದಿಲ್ಲ, ದೂರದಿಂದ ಕೇಳಬೇಕು, ಅಜ್ಜಿಮನೆ ಮೂರು ಮೈಲಿ ಒಳಗಿತ್ತಲ್ಲ ಅಂದರು ಅಮ್ಮ.

ಭಾನುವಾರ ಬೆಳಿಗ್ಗೆ ಬೈಂದೂರಿನ ಒತ್ತಿನೆಣೆಗೆ ಹೋಗಿದ್ದೆವು. ಗುಡ್ಡದ ಮೇಲೆ ಬರೀ ಮಂಜು, ಕಡಲು ಕಾಣಲಿಲ್ಲ. ಸಂಜೆ ರಾತ್ರಿ ರೈಲಿಗೆ ಹೊರಟಾಗ ತಮ್ಮ ರಿಕ್ಷಾದವರಿಗೆ ಸ್ವಲ್ಪ ಸುತ್ತಿ ಅಜ್ಜಿಯ ಊರಿನ ರಸ್ತೆಯಲ್ಲಿ ಹೋಗಲು ಹೇಳಿದ. ಉಳಿದ ಮೂವರು ಇನ್ನೊಂದು ರಿಕ್ಷಾದಲ್ಲಿ ನೇರ ಸ್ಟೇಷನ್ನಿಗೆ ಹೋದರು. ಮನೆಯ ಹತ್ತಿರ ಹೋಗಲಿಲ್ಲ, ಗದ್ದೆಯ ಬದಿಯಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ ಅಂದೆವು. ಯಾಕೆ ಅಂತ ಹೇಳಿದಾಗ ರಿಕ್ಷಾದವರೂ ಇಳಿದು ನಮ್ಮ ಜೊತೆ ನಿಂತರು. ಮಳೆ ನಿಂತಿತ್ತು. ನೆಟ್ಟಿಯಾದ ಗದ್ದೆ, ಕಪ್ಪೆಗಳು, ಅವುಗಳ ಆಚೆ ಸಣ್ಣಗೆ ಆ ಮೊರೆತ. ಎಡಗಡೆಯಿಂದ. ರಿಕ್ಷಾದವರೇ ಕೈ ತೋರಿಸಿ "ತೆಂಕ್" ಅಂದರು.

ಮೂಡ್ಲಕಟ್ಟೆಯ ಸ್ಟೇಷನ್ ಬರುವ ಮೊದಲೇ ಮಳೆ ಹಿಡಿಯಿತು. ತಮ್ಮ ಅಮ್ಮನಿಗೆ ಫೋನ್ ಮಾಡುತ್ತಿದ್ದ.