ಬಂಕ್ರಾನಾಗೆ ಅರ್ಧ ಗಂಟೆ

ಉತ್ತರ ಐರ್ಲೆಂಡಿನ ಡೆರ್ರಿ ಊರಲ್ಲಿ ನನ್ನ ಅಕ್ಕ ಇದ್ದಾಳೆ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ, ಪಕ್ಕದ ಐರ್ಲೆಂಡ್ ಗಣರಾಜ್ಯ ಬೇರೆಯೇ ದೇಶ. ದೊಡ್ಡಮ್ಮನ ಮಗಳು, ಕುಂದಾಪುರದವಳು, ಅಲ್ಲಿ ನರ್ಸ್. 2024ರ ಮೇ ತಿಂಗಳಲ್ಲಿ ಅವಳನ್ನು ನೋಡಲು ಹೊರಟೆ. ಲಂಡನ್‌ನಿಂದ ನೇರ ವಿಮಾನ ಹತ್ತಬಹುದಿತ್ತು. ಆದರೆ ಇಂಗ್ಲೆಂಡಿನ ಬಾಸ್ಟನ್ ನೋಡಿಕೊಂಡೇ ಹೋಗಬೇಕು ಅಂತ ಹಟ ಮಾಡಿದೆ.

ಕಾರಣ ಇದು. 2016ರ ಜೂನ್ 23ರಂದು ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ ಮತ ಹಾಕಿದರು. ಬಿಡೋಣ ಅಂದವರು ಶೇ. 51.9. ಬಾಸ್ಟನ್‌ನಲ್ಲಿ ಹಾಗೆ ಅಂದವರು ಶೇ. 75.6, ಇಡೀ ದೇಶದಲ್ಲೇ ಅತಿ ಹೆಚ್ಚು. ಅಕ್ಕನ ಊರಿರುವ ಫಾಯ್ಲ್ ಕ್ಷೇತ್ರದಲ್ಲಿ ಶೇ. 78.3 ಜನ ಇರೋಣ ಅಂದರು. ಈ ಎರಡೂ ಊರುಗಳ ಬೀದಿಯಲ್ಲಿ ನಡೆದು ನೋಡುವ ಆಸೆ ನನಗೆ.

ಗ್ರಾಂಥಮ್‌ನಲ್ಲಿ ಸಣ್ಣ ರೈಲಿಗೆ ಬದಲಾಯಿಸಿಕೊಂಡೆ. ಆಮೇಲೆ ಕಣ್ಣಿಗೆ ಬಿದ್ದಿದ್ದೆಲ್ಲ ಹೊಲ. ಹಲಗೆ ಹಾಸಿದ ಹಾಗೆ ಸಪಾಟು ನೆಲ, ಎಲೆಕೋಸು, ಆಲೂಗಡ್ಡೆ. ಬಾಸ್ಟನ್ ಚರ್ಚಿನ ಗೋಪುರ ಬಹಳ ದೂರದಿಂದಲೇ ಕಾಣಿಸುತ್ತದೆ. ಅದರ ಬುಡದಲ್ಲೇ ಸಂತೆ. ಅಲ್ಲಿಂದ ಸ್ವಲ್ಪ ನಡೆದರೆ ಪೋಲೆಂಡ್, ಲಿಥುವೇನಿಯಾದವರ ಅಂಗಡಿಗಳು. ಕಪ್ಪು ಬ್ರೆಡ್ಡು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಬಾಟಲಿಗಳು.

2004ರಲ್ಲಿ ಪೂರ್ವ ಯುರೋಪಿನ ಎಂಟು ದೇಶಗಳು ಒಕ್ಕೂಟ ಸೇರಿದಾಗ ಹೆಚ್ಚಿನ ದೇಶಗಳು ಅಲ್ಲಿನ ಕೆಲಸಗಾರರಿಗೆ ಬಾಗಿಲು ತೆರೆಯಲು ವರ್ಷಗಟ್ಟಲೆ ತಡ ಮಾಡಿದವು. ಬ್ರಿಟನ್ ಮೊದಲ ದಿನವೇ ತೆರೆಯಿತು. ಬಾಸ್ಟನ್ ಸುತ್ತಲಿನ ಹೊಲಗಳಿಗೆ ಕೈಗಳು ಬೇಕಿತ್ತು. ಮೇಸ್ತ್ರಿಗಳ ಮೂಲಕ ಜನ ಬಂದರು, ಕೋಸು ಕೊಯ್ದರು, ಪ್ಯಾಕ್ ಮಾಡಿದರು. ಸಣ್ಣ ಊರು ಕೆಲವೇ ವರ್ಷಗಳಲ್ಲಿ ತುಂಬಿಹೋಯಿತು. ಬಾಡಿಗೆ ಏರಿತು. 2010ರಿಂದ ಸರ್ಕಾರ ಊರಿನ ಕೌನ್ಸಿಲ್‌ಗಳಿಗೆ ಕೊಡುವ ದುಡ್ಡನ್ನೂ ಕಡಿತ ಮಾಡುತ್ತಾ ಬಂತು. ಡಾಕ್ಟರ ಹತ್ತಿರ ಸರದಿ ಉದ್ದವಾದರೆ ಜನ ಯಾರನ್ನು ನೋಡುತ್ತಾರೆ? ಸರದಿಯಲ್ಲಿ ಮುಂದೆ ನಿಂತವನನ್ನೇ ಅಲ್ವಾ? ಬಜೆಟ್ ಬರೆದವನು ಅಲ್ಲಿ ಕಾಣಿಸುವುದಿಲ್ಲ.

ಟೀ ಅಂಗಡಿಯಲ್ಲಿ ನನ್ನ ಪಕ್ಕ ಕೂತ ಅಜ್ಜ ಒಂದು ಕಾಲದಲ್ಲಿ ಹೊಲದ ಕೆಲಸ ಮಾಡಿದವರು. ಬಿಡೋಣ ಅಂತಲೇ ಮತ ಹಾಕಿದ್ದಾಗಿ ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರಚಾರದ ಕೆಂಪು ಬಸ್ಸಿನ ಮೇಲೆ ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಹೋಗುತ್ತಿದೆ ಅಂತ ಬರೆದಿದ್ದರಲ್ಲ, ಅದನ್ನು ನಂಬಿದ್ರಾ ಅಂತ ಕೇಳಿದೆ. ವಾಪಸ್ ಬರುವ ಪಾಲನ್ನು ಕಳೆಯದೆ ಬರೆದ ಲೆಕ್ಕ ಅದು. ಅವರು ಬಸ್ಸಿನ ಮಾತನ್ನು ತಳ್ಳಿಹಾಕಿದರು. ಜೀವನದಲ್ಲಿ ಮೊದಲ ಸಲ ನನ್ನ ಮತಕ್ಕೆ ಲಂಡನ್‌ನವರ ಮತದಷ್ಟೇ ತೂಕ ಇದೆ ಅನ್ನಿಸಿತು, ಅದಕ್ಕೇ ಹಾಕಿದೆ ಅಂದರು. ನನಗೆ ಆ ಮಾತು ಸುಳ್ಳು ಅನ್ನಿಸಲಿಲ್ಲ. ಐರ್ಲೆಂಡಿನ ಗಡಿಯ ಬಗ್ಗೆ ಆಗ ಯೋಚಿಸಿದ್ರಾ ಅಂತಲೂ ಕೇಳಿದೆ. ಚಮಚ ತಿರುಗಿಸುತ್ತಾ ಸುಮ್ಮನೆ ಕೂತರು. ಇಲ್ಲ, ಅದು ಯಾರ ಬಾಯಲ್ಲೂ ಬರಲಿಲ್ಲ ಅಂದರು.

ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ನಲ್ಲಿ ಇದ್ದದ್ದು ಒಂದೇ ದಿನ. ಫಾಲ್ಸ್ ರಸ್ತೆಯಲ್ಲಿ ತಮ್ಮನ್ನು ಐರಿಷ್ ಅಂದುಕೊಳ್ಳುವ ಕ್ಯಾಥೊಲಿಕರು, ಶಾಂಕಿಲ್ ರಸ್ತೆಯಲ್ಲಿ ತಮ್ಮನ್ನು ಬ್ರಿಟಿಷ್ ಅಂದುಕೊಳ್ಳುವ ಪ್ರೊಟೆಸ್ಟಂಟರು. ನಡುವೆ ಮೂರು ಆಳು ಎತ್ತರಕ್ಕಿಂತ ದೊಡ್ಡ ಗೋಡೆ, ಅದರಲ್ಲಿ ರಾತ್ರಿ ಮುಚ್ಚುವ ಗೇಟುಗಳು. ಈ ಎರಡು ಕಡೆಯವರ ನಡುವೆ ಸುಮಾರು ಮೂವತ್ತು ವರ್ಷ ನಡೆದ ಹಿಂಸೆಗೆ 1998ರ ಒಪ್ಪಂದ ತೆರೆ ಎಳೆಯಿತು. ಶಾಂತಿ ಬಂದು 26 ವರ್ಷವಾಗಿದ್ದರೂ ಗೋಡೆ ಹಾಗೇ ನಿಂತಿತ್ತು. ಗೋಡೆಗೆ ಕೈ ಇಟ್ಟು ನಿಂತಾಗ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು.

ಸಂಜೆ ಅಂಗಡಿಯೊಂದಕ್ಕೆ ಹೋದಾಗ ಫ್ರಿಜ್ಜಿನಲ್ಲಿದ್ದ ಮಾಂಸದ ಪೊಟ್ಟಣಗಳ ಮೇಲೆ ‘ನಾಟ್ ಫಾರ್ ಈಯು’, ಅಂದರೆ ಯುರೋಪಿಯನ್ ಒಕ್ಕೂಟಕ್ಕಲ್ಲ ಅಂತ ಅಚ್ಚಾಗಿತ್ತು. ಬ್ರೆಕ್ಸಿಟ್ಟಿನ ಇಡೀ ತೊಡಕು ಆ ಮೂರು ಪದಗಳಲ್ಲಿದೆ. ಬ್ರಿಟನ್ ಒಕ್ಕೂಟ ಬಿಟ್ಟಿತು, ಪಕ್ಕದ ಐರ್ಲೆಂಡ್ ಗಣರಾಜ್ಯ ಒಳಗೇ ಉಳಿಯಿತು. ಹಾಗಾದರೆ ಸರಕು ತಪಾಸಣೆ ಎಲ್ಲಿ ಮಾಡುವುದು? ನೆಲದ ಗಡಿ ಸುಮಾರು 500 ಕಿ.ಮೀ., ಅದನ್ನು ದಾಟುವ ರಸ್ತೆಗಳು 200ಕ್ಕೂ ಜಾಸ್ತಿ. ಅಲ್ಲಿ ಮತ್ತೆ ಚೌಕಿ ಇಟ್ಟರೆ ಹಳೆಯ ಗಾಯ ಬಿಚ್ಚಿಕೊಳ್ಳುತ್ತದೆ. ಕೊನೆಗೆ ತಪಾಸಣೆಯನ್ನು ಸಮುದ್ರಕ್ಕೆ, ಅಂದರೆ ಲಾರ್ನ್ ಮತ್ತು ಬೆಲ್‌ಫಾಸ್ಟ್ ಬಂದರುಗಳಿಗೆ ತಳ್ಳಿದರು. ಆಗ ನೊಂದವರು ಶಾಂಕಿಲ್ ಕಡೆಯವರು. ನಮ್ಮದೇ ದೇಶದಿಂದ ಬರುವ ಸಾಮಾನಿಗೆ ತಪಾಸಣೆ ಯಾಕೆ, ನಮ್ಮನ್ನು ಹೊರಗೆ ಹಾಕಿದಿರಾ ಅನ್ನೋದು ಅವರ ಪ್ರಶ್ನೆ. 2021ರ ಏಪ್ರಿಲ್‌ನಲ್ಲಿ ಆ ಗೋಡೆಯ ಲನಾರ್ಕ್ ವೇ ಗೇಟಿನ ಹತ್ತಿರ ಪೆಟ್ರೋಲ್ ಬಾಂಬು ಹಾರಿದವು, ಒಂದು ಬಸ್ ಸುಟ್ಟುಹೋಯಿತು. ಅದಕ್ಕೆ ಕಾರಣ ಇದೊಂದೇ ಅಲ್ಲ, ಆದರೆ ಇದೂ ಒಂದು. ಬ್ರಿಟನ್ ಜೊತೆಗೇ ಇರಬೇಕು ಅನ್ನುವವರ ಡಿಯುಪಿ ಪಕ್ಷ ಈ ತಪಾಸಣೆಯನ್ನು ವಿರೋಧಿಸಿ 2022ರ ಫೆಬ್ರವರಿಯಲ್ಲಿ ಉತ್ತರ ಐರ್ಲೆಂಡಿನ ಸರ್ಕಾರದಿಂದ ಹೊರಬಂದು ಎರಡು ವರ್ಷ ಇಲ್ಲಿ ಪೂರ್ತಿ ಮಂತ್ರಿಮಂಡಲ ಇರಲಿಲ್ಲ. ನಾನು ಹೋಗುವ ಮೂರು ತಿಂಗಳ ಹಿಂದಷ್ಟೇ ಅದು ಮತ್ತೆ ಶುರುವಾಗಿತ್ತು.

ಡೆರ್ರಿಗೆ ರೈಲಿನಲ್ಲಿ ಎರಡು ಗಂಟೆ. ಅಕ್ಕ ಸ್ಟೇಷನ್ನಿಗೇ ಬಂದಿದ್ದಳು. ಊರಿನ ಹೆಸರಿಗೇ ಇಲ್ಲಿ ಜಗಳ. ಸರ್ಕಾರಿ ಬೋರ್ಡಿನಲ್ಲಿ ಲಂಡನ್‌ಡೆರ್ರಿ ಅಂತಿದ್ದರೆ, ಯಾರೋ ‘ಲಂಡನ್’ ಮೇಲೆ ಬಣ್ಣ ಬಳಿದಿರುತ್ತಾರೆ.

ಅಕ್ಕ ಮೊದಲು ಕರೆದುಕೊಂಡು ಹೋಗಿದ್ದು ಬಾಗ್‌ಸೈಡ್‌ಗೆ. 1972ರ ಜನವರಿ 30ರಂದು ಮೆರವಣಿಗೆ ಹೊರಟವರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ 13 ಜನರನ್ನು ಕೊಂದ ಜಾಗ. ಮನೆಯವರು 38 ವರ್ಷ ಕಾದರು. 2010ರಲ್ಲಿ ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ಇಲ್ಲಿನ ಗಿಲ್ಡ್‌ಹಾಲ್ ಚೌಕದಲ್ಲಿ ಜನ ದೊಡ್ಡ ಪರದೆಯ ಮೇಲೆ ಅದನ್ನು ನೋಡಿದರು. ಆರು ವರ್ಷದ ನಂತರ ಆ ಜನಮತ ಕರೆದವರೂ ಅದೇ ಕ್ಯಾಮರನ್. ಅಲ್ಲಿ ನಿಂತಿದ್ದಾಗ ನನಗೆ ಅದನ್ನು ಮರೆಯಲು ಆಗಲಿಲ್ಲ.

ಮರುದಿನ ಪೀಸ್ ಬ್ರಿಜ್ ಮೇಲೆ ನಡೆದೆವು. ಫಾಯ್ಲ್ ನದಿಯ ಮೇಲೆ ಹಾವಿನ ಹಾಗೆ ಬಾಗಿದ ಕಾಲುಸೇತುವೆ. ಯುರೋಪಿಯನ್ ಒಕ್ಕೂಟದ ದುಡ್ಡಿನಲ್ಲಿ ಕಟ್ಟಿ 2011ರಲ್ಲಿ ತೆರೆದದ್ದು. ಒಂದು ಕಡೆ ಹೆಚ್ಚಾಗಿ ಕ್ಯಾಥೊಲಿಕರ ಊರು, ಇನ್ನೊಂದು ದಡದಲ್ಲಿ ಹಿಂದಿನ ಸೈನ್ಯದ ನೆಲೆ. ಈಗ ಅಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಶೇ. 78.3 ಅನ್ನುವ ಅಂಕಿ ನನಗೆ ಅರ್ಥವಾಗಿದ್ದು ಆ ಸೇತುವೆಯ ಮೇಲೆ.

ಸೇತುವೆಯ ಕೊನೆಯಲ್ಲಿ ಅಕ್ಕ ನಿಂತಳು. “ನೀನು ಬಂಕ್ರಾನಾಗೆ ಹೋಗಿ ಬಾ ಮಾರಾಯ್ತಿ. ನಂಗೆ ಬರ್ಲಿಕ್ಕೆ ಆಗುದಿಲ್ಲ.”

ಬಂಕ್ರಾನಾ ಗಡಿಯಾಚೆ, ಐರ್ಲೆಂಡ್ ಗಣರಾಜ್ಯದ ಊರು. ಅರ್ಧ ಗಂಟೆ ದಾರಿ. ಬ್ರಿಟಿಷರೂ ಐರಿಷರೂ ದಿನಾ ಓಡಾಡುತ್ತಾರೆ, ಆಚೆ ಮನೆ ಮಾಡಿ ಈಚೆ ಕೆಲಸಕ್ಕೆ ಬರುತ್ತಾರೆ. ಆದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ಕೆಲಸದ ವೀಸಾ ಸಾಲದು, ಐರ್ಲೆಂಡಿನ ವೀಸಾ ಬೇರೆ ಬೇಕು. ಬ್ರೆಕ್ಸಿಟ್‌ಗೂ ಮುಂಚಿನಿಂದ ಹೀಗೇ ಇದೆ. ನನ್ನ ಪ್ರವಾಸಿ ವೀಸಾದ ಮೇಲೆ ಬಿಐವಿಎಸ್ ಅಂತ ನಾಲ್ಕು ಅಕ್ಷರ ಇತ್ತು, ಅದರಲ್ಲಿ ಎರಡೂ ದೇಶ ಸುತ್ತಬಹುದು. ಹತ್ತು ದಿನಕ್ಕೆ ಬಂದ ನಾನು ದಾಟಬಹುದು, ಮೂರು ವರ್ಷದಿಂದ ಈ ಊರಿನ ರೋಗಿಗಳನ್ನು ನೋಡಿಕೊಂಡ ಅವಳು ದಾಟುವ ಹಾಗಿಲ್ಲ. ಯಾರೂ ಕೇಳುವುದಿಲ್ಲ, ಬಾ ಅಂದೆ. “ಒಮ್ಮೆ ಕೇಳಿದ್ರೆ ಸಾಕಲ್ಲ, ಕೆಲಸವೇ ಹೋದ್ರೆ?” ಅಂದಳು.

ಬಸ್ಸಿನಲ್ಲಿ ಒಬ್ಬಳೇ ಕೂತೆ. ಊರು ಮುಗಿಯುವಲ್ಲಿ ಕಾಶ್‌ಕ್ವಿನ್ ಬರುತ್ತದೆ. ಒಂದು ಕಾಲದಲ್ಲಿ ಇಲ್ಲಿ ಸೈನ್ಯದ ಚೌಕಿ ಇತ್ತು. 1990ರ ಅಕ್ಟೋಬರ್ 24ರಂದು, ಬ್ರಿಟಿಷ್ ಸೈನ್ಯದ ನೆಲೆಯಲ್ಲಿ ಅಡುಗೆ ಮಾಡುತ್ತಿದ್ದ ಪ್ಯಾಟ್ಸಿ ಗಿಲೆಸ್ಪಿ ಅವರ ಮನೆಯವರನ್ನು ಐಆರ್‌ಎ, ಅಂದರೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದ ಗುಂಪು, ಒತ್ತೆ ಇಟ್ಟುಕೊಂಡಿತು. ಬಾಂಬು ತುಂಬಿದ ವಾಹನವನ್ನು ಚೌಕಿಗೆ ಓಡಿಸುವಂತೆ ಅವರನ್ನು ಬಲವಂತ ಮಾಡಿತು. ಅವರೂ ಐವರು ಸೈನಿಕರೂ ಸತ್ತರು. ಗಡಿಯಲ್ಲಿ ಒಂದು ಕ್ಯಾಮೆರಾ ಇಟ್ಟರೆ ಏನಾಗುತ್ತದೆ ಅಂತ ಬ್ರೆಕ್ಸಿಟ್ ಮಾತುಕತೆಯ ದಿನಗಳಲ್ಲಿ ಕೆಲವರು ಕೇಳುತ್ತಿದ್ದರು. ಈ ರಸ್ತೆಯವರು ಹಾಗೆ ಕೇಳಲಾರರು. ಕ್ಯಾಮೆರಾ ಬಂದರೆ ಅದನ್ನು ಒಡೆಯುವವರು ಬರುತ್ತಾರೆ, ಅದನ್ನು ಕಾಯಲು ಪೊಲೀಸರು, ಪೊಲೀಸರನ್ನು ಕಾಯಲು ಸೈನ್ಯ. ಅವರಿಗೆ ಆ ಸಾಲು ಬಾಯಿಪಾಠ.

ಗಡಿ ಎಲ್ಲಿ ಅಂತ ಕಾಯುತ್ತಲೇ ಇದ್ದೆ. ರಸ್ತೆ ಅಂಚಿನ ಗೆರೆ ಹಳದಿಯಾಯಿತು. ವೇಗದ ಬೋರ್ಡು ಮೈಲಿಯಿಂದ ಕಿಲೋಮೀಟರಿಗೆ ಬದಲಾಯಿತು. ಪೆಟ್ರೋಲ್ ಬಂಕಿನ ದರ ಯೂರೋದಲ್ಲಿತ್ತು. ಅಷ್ಟೇ, ದಾಟಿಯಾಗಿತ್ತು. ಬಸ್ಸಿನಲ್ಲಿದ್ದ ಯಾರೂ ತಲೆ ಎತ್ತಲಿಲ್ಲ. ನನ್ನ ಕಣ್ಣು ಮಾತ್ರ ತುಂಬಿಬಂತು.

ಬಂಕ್ರಾನಾದಲ್ಲಿ ಕಡಲು ಬೆಟ್ಟಗಳ ನಡುವೆ ಒಳಕ್ಕೆ ನುಗ್ಗಿ ಬಂದಿದೆ. ಮರಳಿನಲ್ಲಿ ಒಂದು ಗಂಟೆ ಕೂತು ಫೋಟೋ ತೆಗೆದೆ.

ಸಂಜೆ ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ರಾತ್ರಿ ಪಾಳಿಗೆ ಹೋಗಬೇಕಿತ್ತು, ಯೂನಿಫಾರ್ಮಿನ ಮೇಲೆ ಜಾಕೆಟ್ ಹಾಕಿದ್ದಳು.

“ಯಾರಾದ್ರೂ ನಿಲ್ಲಿಸಿದ್ರಾ?”

“ಇಲ್ಲ ಅಕ್ಕ. ಬಸ್ ನಿಧಾನ ಕೂಡ ಆಗ್ಲಿಲ್ಲ.”

ನನ್ನ ಫೋನ್ ಇಸಿದುಕೊಂಡು ಒಂದೊಂದೇ ಫೋಟೋ ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು. “ನಮ್ಮ ಕೋಡಿ ಕಡಲಿನ ಹಾಗೆ ಇಲ್ಲ,” ಅಂದಳು. “ಗಾಳಿ ಜಾಸ್ತಿ ಕಾಣ್ತದೆ.”