ಟಿಮ್ಗಾಡ್ ಮಾಡೆಲ್ ಅಪ್‌ಡೇಟ್: ಗ್ರಿಡ್ ಮುಗೀತು, ಈಗ ಗ್ರಿಡ್ ದಾಟೋ ಕೆಲಸ

ಟಿಮ್ಗಾಡ್ ಅನ್ನೋ ಹಳೇ ರೋಮನ್ ಊರಿನ ಮಾಡೆಲ್ ಬಗ್ಗೆ ಬರೆದು ತುಂಬಾ ದಿನ ಆಗಿತ್ತು, ಈ ನಡುವೆ ಕೆಲಸ ಚೆನ್ನಾಗೇ ಸಾಗಿದೆ. ಬೀದಿಗಳೆಲ್ಲ ಬೋರ್ಡ್ ಮೇಲೆ ಕೂತ್ವು, ಫೋರಮ್ (ಊರ ನಡುವಿನ ಸಾರ್ವಜನಿಕ ಅಂಗಳ) ಮುಗೀತು, ಥಿಯೇಟರ್ ಮುಕ್ಕಾಲು ಪಾಲು ಆಗಿದೆ, ಲೈಬ್ರರಿ ನಿನ್ನೆ ರಾತ್ರಿ ಅಂಟಿಸಿ ಮೇಲೆ ಭಾರ ಇಟ್ಟಿದೀನಿ.

ಹೊಸದಾಗಿ ಓದ್ತಿರೋರಿಗೆ ಸ್ವಲ್ಪ ಹಿನ್ನೆಲೆ. ಟಿಮ್ಗಾಡ್ ಇರೋದು ಈಗಿನ ಅಲ್ಜೀರಿಯಾದಲ್ಲಿ, ಬಾತ್ನಾ ಅನ್ನೋ ಊರಿಂದ ಪೂರ್ವಕ್ಕೆ ಸುಮಾರು 35 ಕಿಲೋಮೀಟರ್, ಔರೆಸ್ ಬೆಟ್ಟಸಾಲಿನ ಉತ್ತರದ ತಪ್ಪಲಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ. ಕ್ರಿ.ಶ. 100ರಲ್ಲಿ ಚಕ್ರವರ್ತಿ ಟ್ರೇಜನ್ ಅಪ್ಪಣೆ ಮೇಲೆ ಲೂಸಿಯಸ್ ಮುನಾಟಿಯಸ್ ಗಾಲಸ್ ಅನ್ನೋ ಸೇನಾಧಿಕಾರಿ 3ನೇ ಆಗಸ್ಟಾ ಲೀಜನ್ ಅನ್ನೋ ಸೇನಾದಳದ ಕೈಯಲ್ಲಿ ಕಟ್ಟಿಸಿದ ಊರು, ರಿಟೈರ್ ಆದ ಸೈನಿಕರಿಗೆ ಜಮೀನು ಮನೆ ಕೊಟ್ಟು ನೆಲೆ ನಿಲ್ಲಿಸೋಕೆ ಅಂತ. ಆಗಿನ ಹೆಸರು ಥಮುಗಾಡಿ. ಅದೇ ಲೀಜನ್ನಿನ ದೊಡ್ಡ ಶಿಬಿರ ಲ್ಯಾಂಬೇಸಿಸ್ ಪಶ್ಚಿಮಕ್ಕೆ ಒಂದು ದಿನದ ನಡಿಗೆ ದೂರದಲ್ಲಿತ್ತು. ಸೈನ್ಯ ಕಟ್ಟಿದ್ದು ಅಂತ ಪ್ಲಾನ್ ನೋಡಿದ ತಕ್ಷಣ ಗೊತ್ತಾಗುತ್ತೆ, ಪೂರಾ ಚೌಕ, ಒಳಗೆ ಸಾಲಿಗೆ 12ರಂತೆ ಚಿಕ್ಕ ಚಿಕ್ಕ ಚೌಕ ಬ್ಲಾಕ್ (ಇದೇ ನಾನು ಹೇಳೋ ಗ್ರಿಡ್), ಮೂಲೆಗಳು ಗುಂಡಗೆ, ಸುತ್ತ ಗೋಡೆ. ರೋಮನ್ನರ ಟೌನ್ ಪ್ಲಾನಿಂಗ್ ಬಗ್ಗೆ ಏನೇ ಓದಿದ್ರೂ ಈ ಚೌಕದ ಚಿತ್ರ ಸಿಗುತ್ತೆ. ಆದ್ರೆ ನಂಗೆ ಈ ಊರು ಹಿಡಿಸಿದ್ದು ಆ ಚೌಕಕ್ಕಲ್ಲ, ನೂರೈವತ್ತು ವರ್ಷದಲ್ಲಿ ಅಲ್ಲಿ ಬದುಕಿದ ಜನ ಆ ಚೌಕನ ತಮಗೆ ಬೇಕಾದ ಹಾಗೆ ಹೇಗೆ ತಿದ್ಕೊಂಡ್ರು ಅನ್ನೋದಕ್ಕೆ. ಹಾಗಾಗಿ ಮಾಡೆಲ್ 100ನೇ ಇಸವಿದಲ್ಲ, ಸುಮಾರು 250ರ ಊರು.

ಸ್ಕೇಲ್ 1:500 ಇಟ್ಕೊಂಡಿದೀನಿ, ಬೋರ್ಡ್ ಮೇಲಿನ 2 ಎಂಎಂ ಅಂದ್ರೆ ಅಲ್ಲಿ 1 ಮೀಟರ್. ಮೂಲ ಊರಿನ ಒಂದು ಬದಿ 350 ಮೀಟರ್ ಚಿಲ್ರೆ, ಬೋರ್ಡ್ ಮೇಲೆ 70 ಸೆಂಟಿಮೀಟರ್ ಆಗುತ್ತೆ. ಪ್ಲೈವುಡ್ ಮಾತ್ರ 4 ಅಡಿ ಚೌಕದ್ದು ತಗೊಂಡೆ, ಯಾಕಂದ್ರೆ ಊರಿನ ಒಳ್ಳೊಳ್ಳೆ ಕಟ್ಟಡಗಳಲ್ಲಿ ಅರ್ಧಕ್ಕರ್ಧ ಗೋಡೆ ಆಚೆಗಿವೆ. ಮೊದಲು ಬೀದಿಗಳು. ಪೂರ್ವ ಪಶ್ಚಿಮವಾಗಿ ಊರು ಸೀಳ್ಕೊಂಡು ಹೋಗೋ ದೊಡ್ಡ ಬೀದಿ ಡೆಕುಮಾನಸ್, ಉತ್ತರದ ಬಾಗಿಲಿಂದ ಬಂದು ಅದಕ್ಕೆ ಸೇರೋದು ಕಾರ್ಡೋ. ಈ ಕಾರ್ಡೋ ನೇರ ದಕ್ಷಿಣಕ್ಕೆ ದಾಟಿ ಹೋಗಲ್ಲ, ಡೆಕುಮಾನಸ್‌ಗೆ ಬಂದು ನಿಂತುಬಿಡುತ್ತೆ, ಎದುರಿಗೆ ಫೋರಮ್ಮಿನ ಮೆಟ್ಟಿಲು. ಅಂದ್ರೆ ಉತ್ತರದಿಂದ ಬಂದೋರ ದಾರಿ ಎಲ್ಲಾ ಊರ ಸಾರ್ವಜನಿಕ ಜಾಗಕ್ಕೇ ಬಂದು ಸೇರುತ್ತೆ. ದೊಡ್ಡ ಬೀದಿಗಳಿಗೆ ನೀಲಿಬೂದು ಸುಣ್ಣಕಲ್ಲು, ಒಳಬೀದಿಗಳಿಗೆ ಮರಳುಗಲ್ಲು ಹಾಸಿದ್ರು, ಕೆಳಗೆ ಚರಂಡಿ. ಡೆಕುಮಾನಸ್‌ನ ಕಲ್ಲುಗಳನ್ನ ಬೀದಿಗೆ ಓರೆಯಾಗಿ ಹಾಸಿದಾರೆ, ಗಾಡಿ ಚಕ್ರ ಸಂದಿಗೆ ಸಿಕ್ಕಿಹಾಕ್ಕೊಳ್ಳಲ್ಲ, ಆದರೂ ಚಕ್ರ ಉರುಳಿ ಉರುಳಿ ಆದ ಗಾಡಿಜಾಡು ಇವತ್ತಿಗೂ ಕಾಣುತ್ತೆ. ನಾನು ಎರಡು ಬಣ್ಣದ ಹ್ಯಾಂಡ್‌ಮೇಡ್ ಪೇಪರ್ ಅಂಟಿಸಿ, ರೀಫಿಲ್ ಮುಗಿದ ಬಾಲ್ ಪೆನ್ನಿಂದ ಓರೆ ಗೆರೆ ಒತ್ತಿದೆ, ಮೇಲೆ ತೆಳ್ಳಗೆ ಬೂದು ಬಣ್ಣದ ನೀರು ಬಳಿದಾಗ ಗೆರೆಗಳು ಎದ್ದು ಬಂದ್ವು. ಡೆಕುಮಾನಸ್‌ನ ಎರಡೂ ಬದಿ ಕಂಬಸಾಲು ಇತ್ತು, ಅದಕ್ಕೆ ಅಗರಬತ್ತಿ ಉರಿದು ಉಳಿದ ಕಡ್ಡಿ ಬಳಸ್ತಿದೀನಿ, ದಪ್ಪ ಈ ಸ್ಕೇಲ್‌ಗೆ ಸರಿಯಾಗಿ ಕೂರುತ್ತೆ.

ಮನೆಗಳು 3 ಎಂಎಂ ಮತ್ತು 5 ಎಂಎಂ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಸೇರಿಸಿ ಅಂಟಿಸಿದ್ದು, ಒಂದಂತಸ್ತಿಗೆ ಸಾಕು. ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ, ಕಟ್ ಮಾಡೋದು ಅಂಟಿಸೋದು ಅಷ್ಟೇ.

ಫೋರಮ್ ಮಾಡೋವಾಗ ಮಾತ್ರ ತುಂಬಾ ಹೊತ್ತು ಕೂತೆ. ಪೂರ್ವಕ್ಕೆ ಬೆಸಿಲಿಕಾ, ಅಂದ್ರೆ ಕೋರ್ಟು ವ್ಯವಹಾರ ಎಲ್ಲಾ ನಡೆಯೋ ಹಾಲ್, ಪಶ್ಚಿಮಕ್ಕೆ ಕ್ಯೂರಿಯಾ, ಊರ ಕೌನ್ಸಿಲ್ ಸೇರೋ ಜಾಗ. ಸುತ್ತ ಕಂಬಗಳು, ನಡುವೆ ಕಲ್ಲುಹಾಸಿನ ಅಂಗಳ, ಅದರ ತುಂಬಾ ಊರಿಗೆ ಉಪಕಾರ ಮಾಡಿದ ದೊಡ್ಡ ಮನುಷ್ಯರ ಮತ್ತೆ ಚಕ್ರವರ್ತಿಗಳ ಪ್ರತಿಮೆ ಪೀಠಗಳು. ಅಷ್ಟೆಲ್ಲ ಅಧಿಕಾರದ ಗತ್ತು ಇರೋ ಅಂಗಳದ ನೆಲದಲ್ಲೇ ಯಾರೋ ಆಟದ ಮಣೆ ಕೆತ್ತಿದಾರೆ, ಮನೆಗಳ ಬದಲು ಲ್ಯಾಟಿನ್ ಅಕ್ಷರಗಳು: ಬೇಟೆ ಆಡೋದು, ಸ್ನಾನ ಮಾಡೋದು, ಆಟ ಆಡೋದು, ನಗೋದು, ಇದೇ ಬದುಕೋದು ಅಂತ. ಕೌನ್ಸಿಲ್ ಹಾಲ್ ಅಷ್ಟು ಹತ್ರ ಕೂತು ಅದನ್ನ ಕೆತ್ತಿದ್ರೂ ಯಾರೂ ಅಳಿಸಿಲ್ಲ, ನೂರಾರು ವರ್ಷ ಜನ ಅದರ ಮೇಲೆ ಓಡಾಡಿದಾರೆ. 1:500ರಲ್ಲಿ ಅದು ಚುಕ್ಕೆ ಕೂಡ ಆಗಲ್ಲ, ಆದರೂ ಸೂಜಿ ಮೊನೆಯಲ್ಲಿ ಒಂದು ಗುರುತು ಒತ್ತಿದೀನಿ, ನಂಗೆ ಅದು ಅಲ್ಲಿ ಇರಲೇಬೇಕು. ಫೋರಮ್ ಪಕ್ಕದಲ್ಲೇ ಸಾರ್ವಜನಿಕ ಶೌಚಾಲಯ, ಸುಮಾರು 25 ಜನ ಕೂರೋ ಕಲ್ಲಿನ ಸೀಟುಗಳು, ಸೀಟಿಗೂ ಸೀಟಿಗೂ ನಡುವೆ ಕೈ ಇಡೋಕೆ ಡಾಲ್ಫಿನ್ ಆಕಾರದ ಕೆತ್ತನೆ, ಕೆಳಗೆ ಸದಾ ನೀರು ಹರಿಯೋದು. ಅಷ್ಟು ನಿಗಾ ವಹಿಸಿ ಮಾಡಿದ್ದು ನೋಡಿದ್ರೆ ಖುಷಿ ಆಗುತ್ತೆ.

ಫೋರಮ್ ಹಿಂದೆ ದಕ್ಷಿಣಕ್ಕೆ ಥಿಯೇಟರ್. 160ರ ದಶಕದಲ್ಲಿ ಅಲ್ಲಿದ್ದ ದಿಣ್ಣೆ ಕಡಿದು ಮೆಟ್ಟಿಲು ಮಾಡಿದ್ರು, ಸುಮಾರು 3,500 ಜನ ಕೂರಬಹುದಿತ್ತು. ನಾನು ಮೊದಲು ಥರ್ಮಾಕೋಲ್ ಪದರ ಜೋಡಿಸಿ ದಿಣ್ಣೆ ಮಾಡಿ ಆಮೇಲೆ ಅದನ್ನ ಒಳಗೆ ಅರ್ಧಗೋಲಾಕಾರ ಕೊರೆದೆ, ಅವರು ಮಾಡಿದ ಕ್ರಮದಲ್ಲೇ. ಮೇಲೆ ಒಂದರ ಮೇಲೊಂದು ಕಾರ್ಡ್‌ಶೀಟ್ ಬಿಲ್ಲೆಗಳು. ಹೊರಗೋಡೆ ಬಗ್ಗೆ ಮಾತ್ರ ಪ್ಲಾನ್ ನೋಡ್ಕೊಂಡೇ ಹೋಗ್ಬೇಕು, ಯಾಕಂದ್ರೆ 539ರಲ್ಲಿ ಬೈಜಾಂಟೈನ್ (ಪೂರ್ವ ರೋಮನ್) ಸೇನಾಪತಿ ಸೊಲೊಮನ್ ಊರ ದಕ್ಷಿಣಕ್ಕೆ ಕೋಟೆ ಕಟ್ಟಿದಾಗ ಈ ಥಿಯೇಟರ್ ಕಲ್ಲುಗಳನ್ನೂ ಕಿತ್ಕೊಂಡು ಹೋದ್ರು. ಆ ಕೋಟೆ ನನ್ನ ಬೋರ್ಡಲ್ಲಿ ಬರಲ್ಲ, ಕಾಲ ಬೇರೆ.

ಲೈಬ್ರರಿ ಕಾರ್ಡೋ ಮೇಲೆ, ಒಂದು ಬ್ಲಾಕಿನ ಅಳತೆಗೆ ಹೊಂದಿಸಿ ಕಟ್ಟಿದ್ದು. ಮುಂದೆ ಮೂರು ಕಡೆ ಕಂಬಗಳಿರೋ ಅಂಗಳ, ಒಳಗೆ ಅರ್ಧವೃತ್ತದ ದೊಡ್ಡ ಹಾಲ್, ಗೋಡೆಯಲ್ಲಿ ಗೂಡುಗಳು, ಅಲ್ಲಿ ಸುರುಳಿ ಪುಸ್ತಕಗಳು. ಮಾರ್ಕಸ್ ಜೂಲಿಯಸ್ ಕ್ವಿಂಟಿಯಾನಸ್ ಫ್ಲೇವಿಯಸ್ ರೊಗಾಟಿಯಾನಸ್ ಅನ್ನೋರು ಉಯಿಲಲ್ಲಿ ಬರೆದಿಟ್ಟು ಹೋದ ಹಣ, 4,00,000 ಸೆಸ್ಟರ್ಸ್ (ರೋಮನ್ ನಾಣ್ಯ), ಅದರಿಂದ ಕಟ್ಟಿದ್ದು ಅಂತ ಹೇಳೋ ಶಾಸನನೇ ಸಿಕ್ಕಿದೆ. ಅದರಲ್ಲಿ ಥಮುಗಾಡಿನ ತನ್ನ ಹುಟ್ಟೂರು ಅಂತ ಕರೆದಿದಾರೆ. ಸೈನಿಕರ ಕಾಲೊನಿಯಾಗಿ ಶುರುವಾದ ಬೆಟ್ಟದ ಬುಡದ ಚಿಕ್ಕ ಊರಲ್ಲಿ ಒಬ್ಬ ಸತ್ತ ಮೇಲೆ ಜನಕ್ಕೆ ಓದೋಕೆ ಅಂತ ಇಷ್ಟು ದುಡ್ಡು ಬಿಟ್ಟು ಹೋದ ಅನ್ನೋದು ಈ ಊರಿನ ಬಗ್ಗೆ ನನಗೆ ಅತಿ ಪ್ರೀತಿಯ ಸಂಗತಿ. ಹಾಗಾಗಿ ಇದಕ್ಕೆ ಮಾತ್ರ ಛಾವಣಿ ಅಂಟಿಸಿಲ್ಲ, ಎತ್ತಿ ಒಳಗೆ ನೋಡೋ ಹಾಗೆ ಬಿಟ್ಟಿದೀನಿ.

ಈಗ ಗ್ರಿಡ್ ದಾಟೋ ಭಾಗ. ಊರು ಬೆಳೀತಾ ಬೆಳೀತಾ ಗೋಡೆ ಬೇಡ ಅನ್ನಿಸ್ತು, ಕೆಡವಿದ್ರು. ಪಶ್ಚಿಮದ ಬಾಗಿಲಿದ್ದ ಜಾಗದಲ್ಲಿ ಮೂರು ಕಮಾನಿನ 12 ಮೀಟರ್ ಎತ್ತರದ ತೋರಣ ಎದ್ದು ನಿಂತಿತು. ಅದಕ್ಕೆ ಟ್ರೇಜನ್ ಹೆಸರು ಅಂಟಿಕೊಂಡಿದೆ, ಆದ್ರೆ ಕಟ್ಟಿದ್ದು ಟ್ರೇಜನ್ ಸತ್ತು ಎಷ್ಟೋ ವರ್ಷ ಆದ್ಮೇಲೆ. ಅದರಾಚೆಗೆ ಬೀದಿಗಳು ಗ್ರಿಡ್ಡಿನ ಮಾತು ಕೇಳಲ್ಲ, ಹೇಗೆ ಬೇಕೋ ಹಾಗೆ ತಿರುಗುತ್ವೆ. ಅಲ್ಲೇ ಮಾರ್ಕಸ್ ಪ್ಲೋಟಿಯಸ್ ಫೌಸ್ಟಸ್ ಸೆರ್ಟಿಯಸ್ ಮತ್ತು ಅವನ ಹೆಂಡತಿ ಕಾರ್ನೀಲಿಯಾ ವ್ಯಾಲೆಂಟಿನಾ ಟುಸಿಯಾನಾ ಸೇರಿ ಕಟ್ಟಿಸಿದ ಮಾರ್ಕೆಟ್. ನಡುವೆ ಕಾರಂಜಿ ಇರೋ ಅಂಗಳ, ಒಂದು ತುದಿಯಲ್ಲಿ ಅರ್ಧವೃತ್ತದ ಸುತ್ತ 7 ಅಂಗಡಿ. ಪ್ರತಿ ಅಂಗಡಿ ಬಾಯಿಗೆ ಅಡ್ಡಲಾಗಿ ಕಲ್ಲಿನ ಚಪ್ಪಡಿ, ವ್ಯಾಪಾರಿ ಒಳಗೆ ಹೋಗಬೇಕಂದ್ರೆ ಅದರಡಿ ಬಗ್ಗಿ ನುಸುಳಬೇಕು, ನಮ್ಮ ಹಳೇ ದಿನಸಿ ಅಂಗಡಿಯಲ್ಲಿ ಶೆಟ್ರು ಹಲಗೆ ಕೆಳಗೆ ನುಸುಳಿ ಗಲ್ಲಾಪೆಟ್ಟಿಗೆ ಹತ್ರ ಹೋಗ್ತಿದ್ರಲ್ಲ, ಥೇಟ್ ಹಾಗೆ. ಈ ದಂಪತಿಯ ಮನೆ ಇನ್ನೂ ಸ್ವಾರಸ್ಯ. ಊರ ನೈಋತ್ಯ ಮೂಲೆಯಲ್ಲಿ, ಹಳೇ ಗೋಡೆ ಇದ್ದ ಜಾಗದ ಮೇಲೇ ಕಟ್ಟಿದ್ದು, ಸ್ವಂತ ಸ್ನಾನಗೃಹ, ಕೊಳ, ಕಂಬದ ಅಂಗಳ ಎಲ್ಲಾ ಸೇರಿ ಮೂಲ ಬ್ಲಾಕ್‌ಗಳ ಎಷ್ಟೋ ಪಟ್ಟು ಜಾಗ. ನಾನು ಗೋಡೆ ಗೆರೆನ ಬೋರ್ಡ್ ಮೇಲೆ ಸಣ್ಣ ಕೆಂಪು ದಾರದಲ್ಲಿ ಮೊದಲೇ ಗುರುತಿಸಿದ್ದೆ, ಈಗ ಸೆರ್ಟಿಯಸ್ ಮನೆ ಅದರ ಮೇಲೆ ಕೂತಾಗ ದಾರ ಒಂದು ಕಡೆ ಮನೆ ಒಳಗೆ ಹೋಗಿ ಇನ್ನೊಂದು ಕಡೆ ಹೊರಗೆ ಬರುತ್ತೆ. ನಾನು ಈ ಮಾಡೆಲ್ ಮಾಡ್ತಿರೋದು ಇದನ್ನ ತೋರಿಸೋಕೇ.

ಸ್ನಾನಗೃಹಗಳ ಕಥೆಯೂ ಇದೇ. ಊರಲ್ಲಿ ಒಟ್ಟು 14 ಸಿಕ್ಕಿವೆ, ಅತಿ ದೊಡ್ಡವು ಎರಡೂ ಗೋಡೆ ಆಚೆ, ಒಂದು ದಕ್ಷಿಣಕ್ಕೆ, ಒಂದು ಉತ್ತರಕ್ಕೆ. ದಕ್ಷಿಣದ್ದನ್ನ 198ರಲ್ಲಿ ಇನ್ನೂ ಹಿಗ್ಗಿಸಿದ್ರು. ನೈಋತ್ಯಕ್ಕೆ ಕ್ಯಾಪಿಟಲ್ ದೇವಾಲಯ, ಜ್ಯುಪಿಟರ್, ಜೂನೋ, ಮಿನರ್ವಾಗೆ. ಮಾಮೂಲಿ ಪ್ರಕಾರ ಇದು ಫೋರಮ್ ಹತ್ರ ಇರಬೇಕು, ಇಲ್ಲಿ ಊರ ಹೊರಗೆ, ಯಾಕಂದ್ರೆ ಒಳಗೆ ಅಷ್ಟು ದೊಡ್ಡದಕ್ಕೆ ಜಾಗ ಎಲ್ಲಿದೆ. ಅದರ ಕಂಬಗಳು 14 ಮೀಟರ್ ಹತ್ರ, ಬೋರ್ಡ್ ಮೇಲೆ 2.8 ಸೆಂಟಿಮೀಟರ್, ಅದಕ್ಕೆ ಕಬಾಬ್ ಕಡ್ಡಿ ಕತ್ತರಿಸಿಟ್ಟಿದೀನಿ.

ರೋಮಿನ ದೇವರುಗಳ ಜೊತೆಗೆ ಶನಿ ದೇವರು ಸ್ಯಾಟರ್ನ್‌ಗೆ ಹರಕೆ ಹೊತ್ತು ನಿಲ್ಲಿಸಿದ ಕಲ್ಲುಗಳೂ ಇಲ್ಲಿ ಸಿಕ್ಕಿವೆ. ಹೆಸರು ರೋಮಿಂದು, ದೇವರು ಮಾತ್ರ ಆಫ್ರಿಕಾದ ಹಳೇ ಬಾಲ್ ಹಮೋನ್. ಮೇಲೆ ದೇವರು, ನಡುವೆ ಹರಕೆ ಹೊತ್ತವರು, ಕೆಳಗೆ ಬಲಿಯ ಟಗರು ಅಥವಾ ಹೋರಿ. ಸೈನಿಕರು ಬಂದಿದ್ದು ಖಾಲಿ ನೆಲಕ್ಕಲ್ಲ, ಸುತ್ತಮುತ್ತಲ ಬೆರ್ಬರ್ ಜನ ಊರೊಳಗೆ ಬಂದ್ರು, ಮದುವೆ ಆದ್ರು, ಲ್ಯಾಟಿನ್ ಹೆಸರು ಇಟ್ಕೊಂಡ್ರು, ತಮ್ಮ ದೇವರನ್ನ ಬಿಡಲಿಲ್ಲ. ಊರು ಅಂದ್ರೆ ಈ ಜನಾನೂ ಅಂತ ನೆನಪಿರ್ಬೇಕು, ಅದಕ್ಕೆ ಬೋರ್ಡಿನ ಅಂಚಲ್ಲಿ ಮಾರ್ಕೆಟ್ಟಿಗೆ ಬರ್ತಿರೋ ಹಳ್ಳಿಗರ ಕತ್ತೆ, ಗಾಡಿ ಹಾಕೋ ಪ್ಲಾನ್ ಇದೆ, 3 ಎಂಎಂ ಎತ್ತರದ ಜನ, ಚಿಮಟದಲ್ಲೇ ಹಿಡಿಯೋ ಕೆಲಸ.

ಇನ್ನು ಉಳಿದಿರೋದು: ಥಿಯೇಟರ್ ವೇದಿಕೆ, ಪೂರ್ವದ ಮಾರ್ಕೆಟ್ (ಅದಕ್ಕೆ ಅರ್ಧವೃತ್ತದ ಅಂಗಳ ಎರಡಿದೆ, ಕೊರೆಯೋದು ನಿಧಾನ), ಎರಡು ದೊಡ್ಡ ಸ್ನಾನಗೃಹ, ಕ್ಯಾಪಿಟಲ್, ಆಮೇಲೆ ಹೆಂಚಿನ ಬಣ್ಣ. ಸ್ನಾನಗೃಹದ ಕಮಾನು ಛಾವಣಿಗೆ ಪಿವಿಸಿ ವೈರಿಂಗ್ ಪೈಪ್ ಉದ್ದಕ್ಕೆ ಸೀಳಿ ನೋಡ್ಬೇಕು ಅಂತಿದೀನಿ, ಯಾರಾದ್ರೂ ಅದನ್ನ ಬಿರುಕು ಬಿಡದ ಹಾಗೆ ಸೀಳಿದ್ರೆ ಯಾವ ಬ್ಲೇಡ್ ಅಂತ ಹೇಳಿ. ಮುಂದಿನ ಅಪ್‌ಡೇಟಲ್ಲಿ ಕ್ಯಾಪಿಟಲ್ ಫೋಟೋ ಹಾಕ್ತೀನಿ.